ವಿದ್ಯುಚ್ಛಕ್ತಿಯ ಕೊಡುಕೊಳೆಯೂ ನೆರೆಹೊರೆಯ ಋತುಮಾನವೂ

(ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ವಿದ್ಯುಚ್ಛಕ್ತಿಯು ಪೇಟೆಯ ಪದಾರ್ಥವಾಗಿ ಪರಿಣಮಿಸಿ, ರಾಜ್ಯರಾಜ್ಯಗಳ ಮೇರೆಯನ್ನೂ ಈಚೆಗೆ ದೇಶದೇಶಗಳ ಗಡಿಯನ್ನೂ ದಾಟಿ ಕ್ರಯವಿಕ್ರಯಕ್ಕೆ ಒಳಗಾಗಿರುವ ಈ ಕಾಲದಲ್ಲಿ, ಆ ವ್ಯಾಪಾರದ ಮರ್ಮವೇನು, ಅದರಿಂದ ಯಾರಿಗೆ ಲಾಭ, ಅಭಾವದ ದಿನಗಳಲ್ಲಿ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ವಿಚಾರವನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವಂತೆ ಈ ದತ್ತಿಯ ಕಾರ್ಯಕರ್ತರು ನನಗೆ ಅಪ್ಪಣೆಯಿತ್ತಿದ್ದಾರೆ. ಇಂಥ ವಿಷಯವನ್ನು ರಾಜಧಾನಿಯ ಸಭಾಭವನದಲ್ಲಿ ಹೇಳುವುದಕ್ಕಿಂತ ಇಲ್ಲಿ ಹೇಳುವುದೇ ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ. ಯಾತಕ್ಕೆಂದರೆ, ವರ್ಷವಿಡೀ ಹರಿಯುವ ನದಿಯ ಆಸರೆಯಿಲ್ಲದ ಈ ಬಯಲುಸೀಮೆಯಲ್ಲಿ ನೂರಾರು ಅಡಿ, ಎಷ್ಟೋ ಕಡೆ ಸಾವಿರ ಅಡಿಗೂ ಕೆಳಗೆ ಇಳಿದುಹೋಗಿರುವ ನೀರನ್ನು ಮೇಲಕ್ಕೆತ್ತುವ ಕೆಲಸವನ್ನೆಲ್ಲ ವಿದ್ಯುತ್ತೇ ಮಾಡಬೇಕಾಗಿದೆ. ಹಿಪ್ಪುನೇರಳೆಯ ಸೊಪ್ಪಿಗೂ ಹೂವಿನ ತೋಟಕ್ಕೂ ಹಸುವಿನ ಮೇವಿಗೂ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸೀರೆಗೂ ಅದೇ ಮೂಲಾಧಾರವಾಗಿದೆ.

ತೋಟದ ಮೂಲೆಯ ಪಂಪುಮನೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಮೂರು ಸಣ್ಣ ಬಲ್ಬುಗಳಿರುವುದನ್ನು ತಾವೆಲ್ಲರೂ ಬಲ್ಲಿರಿ. ಮೂರೂ ಸಮನಾಗಿ ಉರಿದರೆ ತ್ರೀ ಫೇಸ್ ಬಂದಿತೆಂದೂ, ಒಂದು ಮಂಕಾದರೂ ಮೋಟಾರು ಹಾಕಬಾರದೆಂದೂ ಅಕ್ಷರ ಬಾರದವರಿಗೂ ತಿಳಿದಿದೆ. ನಡುರಾತ್ರಿ ಎದ್ದು ಟಾರ್ಚು ಹಿಡಿದು ಹೋಗುವ ಕಷ್ಟ ತಪ್ಪಲೆಂದು ಆಟೋ ಸ್ಟಾರ್ಟರ್ ಹಾಕಿಸಿದ ಮೇಲೆ, ಕರೆಂಟು ಬಂದ ಕ್ಷಣದಲ್ಲಿಯೇ ಆ ಫೀಡರಿನ ಮೋಟಾರುಗಳೆಲ್ಲವೂ ಒಟ್ಟಿಗೆ ಎಚ್ಚತ್ತು ಜಗ್ಗುತ್ತವೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಸುಟ್ಟುಹೋಗುವುದೂ ಹಲವು ವೇಳೆ ಆ ಕ್ಷಣದಲ್ಲಿಯೇ. ಅರ್ಥಶಾಸ್ತ್ರಜ್ಞರು ಬೇಡಿಕೆ ಎಂದು ಕರೆಯುವ ತತ್ತ್ವಕ್ಕೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನಿಚ್ಚಳವಾದ ರೂಪವಿಲ್ಲ. ಆ ಜಗ್ಗಾಟಕ್ಕೆ ಸರಿಸಮನಾದ ಶಕ್ತಿಯು ಅದೇ ಕ್ಷಣದಲ್ಲಿ ಎಲ್ಲಿಯೋ ಒಂದು ಕಡೆ, ಶರಾವತಿಯ ಯಂತ್ರಗಳಲ್ಲಿಯೋ ರಾಯಚೂರಿನ ಕಲ್ಲಿದ್ದಲಿನ ಕುಲುಮೆಯಲ್ಲಿಯೋ ಪಾವಗಡದ ಸೌರಫಲಕಗಳಲ್ಲಿಯೋ, ಉತ್ಪನ್ನವಾಗಿ ತಂತಿಯಲ್ಲಿ ಹರಿಯುತ್ತಿರಬೇಕು. ಇಲ್ಲವಾದರೆ ಇಡೀ ಜಾಲದ ಆವರ್ತನವು ಸೆಕೆಂಡಿಗೆ 50ರ ಮಟ್ಟದಿಂದ ಕುಸಿಯತೊಡಗುತ್ತದೆ. ರಾಗಿಯನ್ನು ಕಣಜದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಹಾಗೆ ಶೇಖರಿಸಿಡುವುದು ಇಂದಿಗೂ ದುಬಾರಿಯ ಕೆಲಸ. ಈ ಒಂದು ಸ್ವಭಾವವನ್ನು ಮರೆತು ವಿದ್ಯುತ್ ಪೇಟೆಯ ವಿಚಾರ ಮಾಡಿದವರೆಲ್ಲರೂ ಕಷ್ಟಕ್ಕೆ ಸಿಕ್ಕಿದ್ದಾರೆ. ಅಂಥವರ ಕಥೆಯೊಂದನ್ನು ಮುಂದೆ ಅರಿಕೆ ಮಾಡುತ್ತೇನೆ.

ನಮ್ಮ ನಾಡಿನಲ್ಲಿ ಈ ವ್ಯವಹಾರದ ಆರಂಭವೇ ದೂರದ ಗಿರಾಕಿಗೆ ಮಾಡಿದ ಮಾರಾಟದಿಂದಾದದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಂಕಲ್ಪದಿಂದ ಶಿವನಸಮುದ್ರದಲ್ಲಿ ಕಟ್ಟಿದ ಉತ್ಪಾದನಾಗಾರವು 1902ನೆಯ ಇಸವಿ ಜೂನ್ ತಿಂಗಳ ಕಡೆಯಲ್ಲಿ, 92 ಮೈಲಿಯ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳಿಗೆ, 1905ರಲ್ಲಿ. ಆದರೆ ಗಣಿಯ ಯಂತ್ರಗಳಿಗೆ ವರ್ಷವಿಡೀ ಒಂದೇ ಸಮನಾದ ಶಕ್ತಿ ಬೇಕಾಗಿದ್ದಿತು, ಕಾವೇರಿಯೋ ಬೇಸಿಗೆಯಲ್ಲಿ ಬಡವಾಗುವ ನದಿ. ಆದಕಾರಣ 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದಾಗ, ಮಂಡ್ಯದ ಗದ್ದೆಗಳಿಗೆ ನೀರುಣಿಸುವುದರೊಡನೆ ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯ ನೀರನ್ನು ಒದಗಿಸುವುದೂ ಅದರ ಉದ್ದೇಶಗಳಲ್ಲಿ ಒಂದಾಗಿದ್ದಿತು. ಕೆಳಗಿನ ಮದರಾಸು ಪ್ರಾಂತವು ಆಕ್ಷೇಪವೆತ್ತಿ, ಆ ವಿವಾದವು ಬೆಳೆದು 1924ರ ಒಪ್ಪಂದದವರೆಗೆ ಹೋದದ್ದು ಸರ್ವವಿದಿತ. ವಿದ್ಯುತ್ತಿನ ಅಭಾವವು ಮೂಲತಃ ಋತುಮಾನದ ಅಭಾವವೆಂಬುದನ್ನೂ, ಒಂದು ರಾಜ್ಯವು ತನ್ನ ಋತುವನ್ನು ಸರಿಪಡಿಸಿಕೊಳ್ಳಲು ಹೊರಟಾಗ ನೆರೆಯವರೊಡನೆ ಮಾತನಾಡದೆ ಗತಿಯಿಲ್ಲವೆಂಬುದನ್ನೂ ನಾವು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದೆವು.

ಅಲ್ಲಿಂದ ಮುಂದಿನ ಬಹುಕಾಲ ಉತ್ಪಾದನೆ, ಸಾಗಾಟ, ಹಂಚಿಕೆಗಳೆಲ್ಲವೂ ಸರ್ಕಾರದ ಒಂದೇ ಕೈಯಲ್ಲಿದ್ದವು. ನಮ್ಮ ಹಿರಿಯರು ಇಂದಿಗೂ ಕೆಇಬಿ ಎಂದೇ ಕರೆಯುವ ಮಂಡಳಿಯು ಆ ಯುಗದ ಪ್ರತಿನಿಧಿ. 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯಿದೆಯಿಂದ ಮಂಡಳಿಯು ಅಳಿದು ಸಾಗಾಣಿಕೆಯ ನಿಗಮವೂ, ದರವನ್ನು ನಿರ್ಣಯಿಸುವ ಸ್ವತಂತ್ರ ಆಯೋಗವೂ ಉಂಟಾದವು. 2002ರಲ್ಲಿ ಬೆಸ್ಕಾಂ ಮೊದಲಾದ ಹಂಚಿಕೆ ಕಂಪನಿಗಳು ಬಂದವು. 2003ರ ಕೇಂದ್ರ ಕಾಯಿದೆಯು ದೊಡ್ಡ ಬಳಕೆದಾರರಿಗೆ ತಮಗೆ ಬೇಕಾದ ಕಡೆಯಿಂದ ವಿದ್ಯುತ್ತನ್ನು ಕೊಂಡು ತರುವ ಹಕ್ಕನ್ನಿತ್ತಿತು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ತೆರೆದವು. ಉದಾರೀಕರಣವೆಂಬ ಹೆಸರಿನಿಂದ ನಡೆದ ಈ ಬದಲಾವಣೆಯ ವಿವರಗಳು ಅನೇಕ. ನಮಗೆ ಮುಖ್ಯವಾದದ್ದು ಅದರ ಕಡೆಯ ಹೆಜ್ಜೆ.

ಆ ವಿನಿಮಯ ಕೇಂದ್ರಗಳಲ್ಲಿ ನಾಳೆಯ ವಿದ್ಯುತ್ತನ್ನು ಇಂದೇ ಹರಾಜಿಗಿಡುತ್ತಾರೆ. ದಿನವನ್ನು 15 ನಿಮಿಷಗಳ 96 ಖಂಡಗಳಾಗಿ ಮಾಡಿ, ಒಂದೊಂದು ಖಂಡಕ್ಕೂ ಮಾರುವವರು ಇಷ್ಟು ಶಕ್ತಿ, ಇಷ್ಟಕ್ಕಿಂತ ಕಡಿಮೆ ದರಕ್ಕೆ ಕೊಡುವುದಿಲ್ಲವೆಂದೂ, ಕೊಳ್ಳುವವರು ಇಷ್ಟು ಬೇಕು, ಇಷ್ಟಕ್ಕಿಂತ ಹೆಚ್ಚು ಕೊಡಲಾರೆವೆಂದೂ ಮುಚ್ಚಿದ ಬಿಡ್ಡುಗಳನ್ನು ಸಲ್ಲಿಸುತ್ತಾರೆ. ಮಾರಾಟದ ಬೆಲೆಗಳನ್ನು ಕೆಳಗಿನಿಂದ ಮೇಲಕ್ಕೂ ಕೊಳ್ಳುವ ಬೆಲೆಗಳನ್ನು ಮೇಲಿನಿಂದ ಕೆಳಕ್ಕೂ ಜೋಡಿಸಿದಾಗ ಎರಡೂ ಸಂಧಿಸುವ ಜಾಗದಲ್ಲಿ ನಿಂತ ದರವೇ ಆ ಕಾಲು ಗಂಟೆಗೆ ಎಲ್ಲರಿಗೂ ಅನ್ವಯಿಸತಕ್ಕದ್ದು. ಎರಡು ರೂಪಾಯಿಗೆ ಕೊಡಲೊಪ್ಪಿದವನಿಗೂ ಕಡೆಯವನ ಎಂಟು ರೂಪಾಯಿಯೇ ದೊರೆಯುತ್ತದೆ. ಬಿಸಿಲು ಚೆನ್ನಾಗಿರುವ ಮಧ್ಯಾಹ್ನದಲ್ಲಿ ಯೂನಿಟ್ಟಿಗೆ ಎರಡು ಮೂರು ರೂಪಾಯಿಗೆ ಇಳಿಯುವ ದರವು, ಸೂರ್ಯಾಸ್ತವಾಗಿ ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಮಿತಿಯ ತುದಿಯನ್ನೇ ಮುಟ್ಟಿದ ದಿನಗಳುಂಟು. 2022ರ ಮಾರ್ಚಿಯಲ್ಲಿ ಅದು 20 ರೂಪಾಯಿಗೆ ಏರಿದುದನ್ನು ಕಂಡು ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಏಪ್ರಿಲಿನಲ್ಲಿ 12 ರೂಪಾಯಿಯ ಮಿತಿಯನ್ನೂ, ಮರುವರ್ಷ 10 ರೂಪಾಯಿಯ ಮಿತಿಯನ್ನೂ ವಿಧಿಸಬೇಕಾಯಿತು.

ಪೇಟೆ ತೆರೆದ ಮಾತ್ರಕ್ಕೆ ಸರಕು ಬರುವುದಿಲ್ಲ, ದಾರಿಯೂ ಬೇಕು. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರದವರೆಗೆ 1,300 ಕಿಲೋಮೀಟರಿಗೂ ಉದ್ದವಾದ ನೇರ ವಿದ್ಯುತ್ ಪ್ರವಾಹದ ಮಾರ್ಗವು 2003ರಲ್ಲಿ ಸಿದ್ಧವಾಗಿದ್ದರೂ, ಉತ್ತರದ ಜಾಲಕ್ಕೂ ದಕ್ಷಿಣದ ಜಾಲಕ್ಕೂ ನಡುವೆ ಸಾಕಾದಷ್ಟು ತಂತಿಯಿಲ್ಲದ ಕಾರಣ, ಒಂದೇ ದೇಶದ ಒಂದೇ ಹರಾಜಿನಲ್ಲಿ ದಕ್ಷಿಣದವರು ಅನೇಕ ವರ್ಷ ಹೆಚ್ಚಿನ ದರವನ್ನೇ ತೆತ್ತರು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟಿನ ಮಾರ್ಗದಿಂದ ಎರಡು ಜಾಲಗಳೂ ಒಂದಾದವು. ಬೇರೆಯಾಗಿದ್ದುದರಿಂದ ಒಂದು ಉಪಕಾರವೂ ಆಗಿದ್ದಿತೆಂಬುದನ್ನು ನಾನು ಮರೆಮಾಚಲಾರೆ: 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲವು ಕುಸಿದು ಕೋಟ್ಯಂತರ ಜನರು ಕತ್ತಲೆಯಲ್ಲಿ ಕುಳಿತಾಗ ನಮ್ಮ ದಕ್ಷಿಣಕ್ಕೆ ಆ ಆಘಾತ ತಟ್ಟಲಿಲ್ಲ. ಸಂಬಂಧ ಬೆಳೆಸಿದವರು ಒಬ್ಬರೊಬ್ಬರ ಸುಖವನ್ನಷ್ಟೇ ಹಂಚಿಕೊಳ್ಳುತ್ತೇವೆನ್ನುವಂತಿಲ್ಲ.

ಈಗ ನಮ್ಮ ರಾಜ್ಯದ ಋತುಚಕ್ರವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಕರ್ನಾಟಕದಲ್ಲಿ ಬೇಡಿಕೆಯು ತುದಿಗೇರುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ, ಅಂದರೆ ಕೆರೆಬಾವಿಗಳು ಬತ್ತಿ ಪಂಪುಸೆಟ್ಟುಗಳೇ ಬೆಳೆಯನ್ನು ಕಾಯಬೇಕಾದ ಕಾಲದಲ್ಲಿ. 2024ರ ಬೇಸಿಗೆಯಲ್ಲಿ ಅದು 17 ಸಾವಿರ ಮೆಗಾವಾಟನ್ನು ದಾಟಿತು. ಜೂನಿನಲ್ಲಿ ಮುಂಗಾರು ಹಿಡಿದೊಡನೆ ಪಂಪುಗಳು ನಿಲ್ಲುತ್ತವೆ, ಚಿತ್ರದುರ್ಗ ಗದಗುಗಳ ಗಾಳಿಯಂತ್ರಗಳು ಭರದಿಂದ ತಿರುಗತೊಡಗುತ್ತವೆ, ಘಟ್ಟದ ಜಲಾಶಯಗಳಿಗೆ ನೀರು ಬರುತ್ತದೆ; ಆಗ ನಮಗೆ ಬೇಕಾದುದಕ್ಕಿಂತ ಹೆಚ್ಚು ಶಕ್ತಿಯುಂಟು. ಪಂಜಾಬಿನಲ್ಲಿಯಾದರೋ ಭತ್ತದ ನಾಟಿಯು ಆರಂಭವಾಗಿ ಕೊಳವೆಬಾವಿಗಳೆಲ್ಲವೂ ಒಮ್ಮೆಲೇ ನೀರೆತ್ತುವುದು ಆ ಜೂನಿನಲ್ಲಿಯೇ, ಉತ್ತರ ಪ್ರದೇಶದ ಸೆಕೆಯೂ ಆಗಲೇ; ನಮ್ಮ ಬೇಸಿಗೆ ಮೊದಲಾಗುವ ಹೊತ್ತಿಗೆ ಅವರಲ್ಲಿ ಚಳಿ ಇನ್ನೂ ಪೂರ್ತಿಯಾಗಿ ಕಳೆದಿರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ಮಳೆಗಾಲದಲ್ಲಿಯೇ ಪಂಪುಸೆಟ್ಟುಗಳು ಓಡಬೇಕಾಗಿ ಬಂದು, ಅಕ್ಟೋಬರಿನಲ್ಲಿ ರೈತರಿಗೆ ಕೊಡುತ್ತಿದ್ದ ಏಳು ಗಂಟೆಯ ತ್ರೀ ಫೇಸ್ ಐದು ಗಂಟೆಗೆ ಇಳಿದಾಗ, ರಾಜ್ಯವು ಈ ಎರಡು ರಾಜ್ಯಗಳೊಡನೆ ಮಾಡಿಕೊಂಡ ಏರ್ಪಾಡು ಇದೇ ಋತುಭೇದದ ಮೇಲೆ ನಿಂತದ್ದು: ಬೇಸಿಗೆ ಮುಗಿಯುವವರೆಗೆ ಅವರಿಂದ ವಿದ್ಯುತ್ ತೆಗೆದುಕೊಳ್ಳುವುದು, ಮುಂಗಾರಿನಲ್ಲಿ ವಿದ್ಯುತ್ತಾಗಿಯೇ ಹಿಂದಿರುಗಿಸುವುದು. ನಿಮ್ಮ ಹೊಲದ ಕಳೆಗೆ ಪಕ್ಕದವರ ಮನೆಯ ಆಳುಗಳು ಬಂದು, ಅವರ ಕೊಯ್ಲಿಗೆ ನಿಮ್ಮ ಮನೆಯವರು ಹೋಗಿ ಮುಯ್ಯಿ ತೀರಿಸುವ ಪದ್ಧತಿಯೇ ಇದು. ಇಲ್ಲಿ ಹರಾಜಿಗೂ ಎಡೆಯಿಲ್ಲ, ಆ ದಿನದ ದರದ ಏರಿಳಿತಕ್ಕೂ ಎಡೆಯಿಲ್ಲ.

ಅದೇ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು 2003ರ ಕಾಯಿದೆಯ 11ನೆಯ ಪ್ರಕರಣವನ್ನು ಪ್ರಯೋಗಿಸಿ, ರಾಜ್ಯದೊಳಗಿನ ಉತ್ಪಾದಕರೆಲ್ಲರೂ ತಮ್ಮ ಪೂರ್ಣ ಸಾಮರ್ಥ್ಯದಿಂದ ಉತ್ಪಾದಿಸಿ ರಾಜ್ಯದ ಜಾಲಕ್ಕೇ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಬಾಯಾರಿದವರ ದೃಷ್ಟಿಯಿಂದ ಆ ಆಜ್ಞೆಯನ್ನು ನಾನು ಸಮರ್ಥಿಸುತ್ತೇನೆ. ಆದರೆ ಅದರ ತಾತ್ಪರ್ಯವನ್ನು ನಾವು ಕಣ್ಣುತೆರೆದು ಓದಿಕೊಳ್ಳಬೇಕು: ಸುಭಿಕ್ಷದಲ್ಲಿ ತೆರೆದಿರುವ ಪೇಟೆಯ ಬಾಗಿಲನ್ನು ದುರ್ಭಿಕ್ಷದಲ್ಲಿ ಪ್ರತಿಯೊಂದು ಸರ್ಕಾರವೂ ತನ್ನ ಪ್ರಜೆಗಳಿಗಾಗಿ ಮುಚ್ಚುವುದಾದರೆ, ಅಗತ್ಯವು ತೀವ್ರವಾದ ಆ ಗಳಿಗೆಯಲ್ಲಿಯೇ ಕೊಳ್ಳುವವನಿಗೆ ಪೇಟೆಯೇ ಇರುವುದಿಲ್ಲ. ನಾವು ಮುಚ್ಚಬಹುದಾದರೆ ನಮ್ಮ ನೆರೆಯವರೂ ಮುಚ್ಚಬಹುದು.

ಗಡಿಯಾಚೆಯ ದೇಶಗಳ ವ್ಯವಹಾರದಲ್ಲಿ ಈ ಸತ್ಯವು ಇನ್ನೂ ಸ್ಫುಟವಾಗಿ ಕಾಣುತ್ತದೆ. ಭೂತಾನವು ಹಿಮಾಲಯದ ನದಿಗಳಿಂದ ಬೆಳಕನ್ನು ಬೆಳೆಯುವ ದೇಶ. ಭಾರತದ ಹಣ ಮತ್ತು ತಂತ್ರಜ್ಞಾನದ ನೆರವಿನಿಂದ 1980ರ ದಶಕದಲ್ಲಿ ಕಟ್ಟಿದ 336 ಮೆಗಾವಾಟಿನ ಚುಖಾ, ಅನಂತರದ 1,020 ಮೆಗಾವಾಟಿನ ತಾಲಾ, 2019ರ 720 ಮೆಗಾವಾಟಿನ ಮಾಂಗ್ದೆಛು ಯೋಜನೆಗಳಿಂದ ಅದು ತನ್ನ ಹೆಚ್ಚುವರಿಯನ್ನು ದೀರ್ಘಾವಧಿಯ ಒಪ್ಪಂದಗಳ ಮೇಲೆ ನಮಗೆ ಮಾರುತ್ತ ಬಂದಿದೆ. ಆದರೆ ಚಳಿಗಾಲದಲ್ಲಿ ಹಿಮ ಕರಗದೆ ನದಿಗಳು ಸಣ್ಣಗಾಗುವುದರಿಂದ, 2022ರ ಜನವರಿಯಿಂದ ಅದೇ ಭೂತಾನವು ನಮ್ಮ ವಿನಿಮಯ ಕೇಂದ್ರದಲ್ಲಿ ಕೊಳ್ಳುವವರ ಸಾಲಿನಲ್ಲಿ ನಿಂತಿದೆ. ನೇಪಾಳದ ಕಥೆ ಮತ್ತೂ ಮನೋಜ್ಞವಾದದ್ದು. ಅಪಾರ ಜಲಸಂಪತ್ತಿದ್ದೂ ಕಠ್ಮಂಡುವಿನ ಜನರು ದಿನಕ್ಕೆ ಹದಿನಾರು ಗಂಟೆ ಕತ್ತಲೆಯನ್ನು ಅನುಭವಿಸಿದ ವರ್ಷಗಳುಂಟು. 2016ರಲ್ಲಿ ಧಲ್ಕೇಬರ್–ಮುಜಫ್ಫರಪುರ ಮಾರ್ಗಕ್ಕೆ ವಿದ್ಯುತ್ ಹರಿದು ಭಾರತದಿಂದ ಸರಬರಾಜು ಹೆಚ್ಚಿದ್ದೂ, ಒಳಗಿನ ಆಡಳಿತ ಬಿಗಿಯಾದದ್ದೂ ಸೇರಿ ಆ ಕತ್ತಲೆ ಕಳೆಯಿತು. 2021ರ ನವೆಂಬರಿನಲ್ಲಿ ಕೇವಲ 39 ಮೆಗಾವಾಟಿನಿಂದ ಮೊದಲ್ಗೊಂಡು ಅದು ನಮ್ಮ ಪೇಟೆಯಲ್ಲಿ ಮಾರಾಟಗಾರನೂ ಆಯಿತು. 2024ರ ಅಕ್ಟೋಬರಿನಲ್ಲಿ ಮೂರು ದೇಶಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ ನೇಪಾಳದ 40 ಮೆಗಾವಾಟು ಭಾರತದ ತಂತಿಯ ಮೇಲೆ ಹಾದು ಬಾಂಗ್ಲಾದೇಶಕ್ಕೆ ಹೋಗತಕ್ಕದ್ದೆಂದಾಯಿತು. ಜೂನಿನ ನಡುವಿನಿಂದ ನವೆಂಬರಿನ ನಡುವಿನವರೆಗೆ, ನೇಪಾಳದ ನದಿಗಳು ತುಂಬಿರುವ ಐದು ತಿಂಗಳು ಮಾತ್ರ. ಪ್ರಮಾಣ ಅಲ್ಪವಾದರೂ ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ಗಡಿ ಕೂಡಿಲ್ಲದಿರುವಾಗ ಮೂರನೆಯವನ ನೆಲದ ಮೇಲೆ ದಾರಿ ಸಿಕ್ಕಿದ್ದು ದಕ್ಷಿಣ ಏಷ್ಯದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ರಾಜಕಾರಣವು ತಂತಿಯಿಂದ ದೂರ ನಿಂತಿದೆಯೆಂದು ಯಾರೂ ಭಾವಿಸಬಾರದು. ಚೀನದ ಬಂಡವಾಳ ಸೇರಿದ ಯೋಜನೆಗಳ ವಿದ್ಯುತ್ತನ್ನು ನಮ್ಮ ಪೇಟೆಯು ನೇಪಾಳದಿಂದ ಸ್ವೀಕರಿಸುವುದಿಲ್ಲ. ಜಾರ್ಖಂಡಿನ ಗೊಡ್ಡಾದಲ್ಲಿ ಬಾಂಗ್ಲಾದೇಶಕ್ಕೆಂದೇ ಕಟ್ಟಿದ 1,600 ಮೆಗಾವಾಟಿನ ಸ್ಥಾವರದಿಂದ 2023ರಲ್ಲಿ ಸರಬರಾಜು ಮೊದಲಾಗಿ, ಬಾಕಿ ಬೆಳೆದು, 2024ರ ಕಡೆಯಲ್ಲಿ ಆ ಸರಬರಾಜು ಅರ್ಧಕ್ಕೆ ಇಳಿಯಿತು. ಢಾಕಾದ ಸರ್ಕಾರ ಬದಲಾದ ವರ್ಷವೂ ಅದೇ.

ಇಲ್ಲಿ ಸಾಸಲಿನವರಿಗೆ ಒಂದು ಪ್ರಶ್ನೆ ಏಳಬಹುದು: ಹಿಮಾಲಯದ ಈ ವಿದ್ಯುತ್ತು ನಮ್ಮ ಪಂಪಿಗೆ ಬರುತ್ತದೆಯೇ? ಋತುಮಾನವನ್ನು ಹೊಂದಿಸಿ ನೋಡಿದರೆ ಉತ್ತರ ನಿರಾಶಾದಾಯಕವಾದದ್ದು. ನೇಪಾಳ ಭೂತಾನಗಳ ನದಿ ತುಂಬುವುದು ನಮ್ಮ ಪಂಪುಗಳು ನಿಲ್ಲುವ ತಿಂಗಳಲ್ಲಿಯೇ. ನಮ್ಮ ಮಾರ್ಚಿಯ ಬಾಯಾರಿಕೆಯ ಕಾಲದಲ್ಲಿ ಅವರೇ ಕೊಳ್ಳುವವರು. ವಿದ್ಯುತ್ತಿನ ಲೆಕ್ಕದಲ್ಲಿ ನೆರೆಯವನೆಂದರೆ ಭೂಪಟದಲ್ಲಿ ಮಗ್ಗುಲಲ್ಲಿರುವವನೇ ಆಗಬೇಕೆಂದಿಲ್ಲ. ನಮಗೆ ಇಲ್ಲದಾಗ ಯಾರಲ್ಲಿ ಉಂಟೋ ಅವನು. ಆ ಅರ್ಥದಲ್ಲಿ ಕಠ್ಮಂಡುವಿಗಿಂತಲೂ, ಮಗ್ಗುಲಿನ ಅನಂತಪುರಕ್ಕಿಂತಲೂ ಪಂಜಾಬಿನ ಲೂಧಿಯಾನವೇ ನಮಗೆ ಹತ್ತಿರ. ಅನಂತಪುರದಲ್ಲಿ ನಮ್ಮಂತೆಯೇ ಬಿಸಿಲು, ನಮ್ಮಂತೆಯೇ ಬತ್ತಿದ ಬಾವಿ. ನಮಗೆ ಬೇಕಾದಾಗ ಅವರಿಗೂ ಬೇಕು.

ಇದೇ ತತ್ತ್ವವನ್ನು ಮೊದಲು ವ್ಯವಸ್ಥಿತವಾಗಿ ಆಚರಣೆಗೆ ತಂದವರು ಉತ್ತರ ಯೂರೋಪಿನವರು. ನಾರ್ವೆಯು 1991ರಲ್ಲಿ ಪೇಟೆಯನ್ನು ತೆರೆಯಿತು. 1996ರಲ್ಲಿ ಸ್ವೀಡನ್ನು ಸೇರಿಕೊಂಡು ದೇಶದೇಶಗಳ ನಡುವಣ ಮೊತ್ತಮೊದಲ ವಿದ್ಯುತ್ ವಿನಿಮಯ ಕೇಂದ್ರವಾಯಿತು. ಅನಂತರ ಫಿನ್‌ಲೆಂಡೂ ಡೆನ್ಮಾರ್ಕೂ ಬಂದವು. ಡೆನ್ಮಾರ್ಕಿನಲ್ಲಿ ಗಾಳಿ ಬೀಸಿದ ದಿನ ನಾರ್ವೆಯು ತನ್ನ ಜಲಾಶಯದ ನೀರನ್ನು ಉಳಿಸಿಕೊಳ್ಳುತ್ತದೆ, ಗಾಳಿ ನಿಂತ ದಿನ ಆ ನೀರು ಡೆನ್ಮಾರ್ಕಿಗೆ ಬೆಳಕಾಗುತ್ತದೆ. ಆದರೆ ಜರ್ಮನಿಗೂ ಬ್ರಿಟನ್ನಿಗೂ ಸಮುದ್ರದಡಿಯ ಕೇಬಲ್ಲುಗಳು 2021ರಲ್ಲಿ ಪೂರ್ಣವಾದ ಸ್ವಲ್ಪ ಕಾಲದಲ್ಲಿಯೇ ಯೂರೋಪಿನಲ್ಲಿ ಅನಿಲದ ಬೆಲೆ ಏರಿ, ದಕ್ಷಿಣ ನಾರ್ವೆಯ ಮನೆಮಂದಿಗೆ ತಮ್ಮದೇ ಬೆಟ್ಟದ ನೀರಿನ ವಿದ್ಯುತ್ತು ದುಬಾರಿಯಾಯಿತು. ಅಲ್ಲಿನ ಬಹುಪಾಲು ಮನೆಗಳ ಬಿಲ್ಲು ಆಗ ಪೇಟೆಯ ದಿನದರಕ್ಕೇ ಕಟ್ಟಿಕೊಂಡಿದ್ದುದು ಇದಕ್ಕೆ ಕಾರಣ. ಅದೇ ವರ್ಷದ ಡಿಸೆಂಬರಿನಿಂದ, ಒಂದು ಮಿತಿಯನ್ನು ಮೀರಿದ ದರದ ಬಹುಭಾಗವನ್ನು ಸರ್ಕಾರವೇ ಭರಿಸಬೇಕಾಯಿತು.

ಮೊದಲೇ ಹೇಳಿದ ಕಷ್ಟದ ಕಥೆ ಅಮೆರಿಕದ ಕ್ಯಾಲಿಫೋರ್ನಿಯದ್ದು. 1998ರಲ್ಲಿ ಅಲ್ಲಿ ಪೇಟೆಯನ್ನು ತೆರೆದಾಗ, ಹಂಚಿಕೆ ಕಂಪನಿಗಳು ತಮಗೆ ಬೇಕಾದುದನ್ನು ದಿನದಿನದ ಹರಾಜಿನಲ್ಲಿಯೇ ಕೊಳ್ಳುವಂತೆ ಮಾಡಿ, ಜನರಿಗೆ ಮಾರುವ ದರವನ್ನು ಮಾತ್ರ ನಿಗದಿಯಾಗಿ ನಿಲ್ಲಿಸಿದರು. 2000ದಲ್ಲಿ ನೆರೆಯ ವಾಯವ್ಯ ರಾಜ್ಯಗಳಲ್ಲಿ ಮಳೆ ಕಡಿಮೆಯಾಗಿ ಅಲ್ಲಿಂದ ಬರುತ್ತಿದ್ದ ಜಲವಿದ್ಯುತ್ತು ಕುಗ್ಗಿತು. ಮಾರುವವರು ಅಭಾವವನ್ನು ಕೃತಕವಾಗಿ ಬೆಳೆಸಿ ಬೆಲೆಯನ್ನು ಆಡಿಸಿದರೆಂಬುದು ಅನಂತರ ಸಿದ್ಧವಾಯಿತು. 2001ರ ಏಪ್ರಿಲಿನಲ್ಲಿ ಆ ರಾಜ್ಯದ ಅತಿದೊಡ್ಡ ವಿದ್ಯುತ್ ಕಂಪನಿಯೇ ದಿವಾಳಿಯಾಯಿತು. ತನ್ನ ಸರ್ವಸ್ವವನ್ನೂ ಹರಾಜಿಗೆ ಒಪ್ಪಿಸಿದ ರಾಜ್ಯದ ಗತಿಯಿದು.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ವಿನಿಮಯ ಕೇಂದ್ರವು ಉಪಕಾರಿಯಾದದ್ದು. ಎಲ್ಲಿ ಹೆಚ್ಚಿದೆ, ಎಲ್ಲಿ ಕಡಿಮೆಯಿದೆ ಎಂಬುದನ್ನು ಕಾಲುಗಂಟೆಗೊಮ್ಮೆ ಅದರಷ್ಟು ನಿಷ್ಪಕ್ಷಪಾತವಾಗಿ ತಿಳಿಸತಕ್ಕ ಸಂಸ್ಥೆ ಬೇರೊಂದಿಲ್ಲ. ಆದರೆ ರಾಜ್ಯವು ಅಲ್ಲಿಗೆ ಹೋಗಬೇಕಾದದ್ದು ತನ್ನ ಅಗತ್ಯದ ಅಂಚನ್ನು ಮಾತ್ರ ಹಿಡಿದುಕೊಂಡು. ಪಂಪುಸೆಟ್ಟಿನ ಏಳು ಗಂಟೆ, ಊರಿನ ಕುಡಿಯುವ ನೀರು, ಆಸ್ಪತ್ರೆ, ಮಗ್ಗ ಇವಿಷ್ಟಕ್ಕೆ ಬೇಕಾದ ಶಕ್ತಿಯು ಸ್ವಂತ ಉತ್ಪಾದನೆಯಿಂದಲೂ ದೀರ್ಘಾವಧಿಯ ಕರಾರಿನಿಂದಲೂ, ಋತು ಬೇರೆಯಾದ ರಾಜ್ಯಗಳೊಡನೆ ಬರವಿಲ್ಲದ ವರ್ಷದಲ್ಲಿಯೇ ಬರೆದಿಟ್ಟುಕೊಂಡ ಮುಯ್ಯಿಯ ಒಪ್ಪಂದದಿಂದಲೂ ಬರತಕ್ಕದ್ದು. 2023ರ ಏರ್ಪಾಡು ಅಕ್ಟೋಬರಿನ ಸಂಕಟದಲ್ಲಿ ಆತುರದಿಂದ ಆದದ್ದು. ಅದನ್ನು ಪ್ರತಿವರ್ಷವೂ ಮುಂಗಾರಿಗೆ ಮೊದಲೇ ಆಗುವ ಕಟ್ಟಳೆಯನ್ನಾಗಿ ಏಕೆ ಮಾಡಬಾರದು? ಹಾಗೆಯೇ ಪಾವಗಡದ 2,050 ಮೆಗಾವಾಟು ಹಗಲಿನಲ್ಲಿ ಬರುವುದರಿಂದ, ಪಂಪುಸೆಟ್ಟುಗಳ ಸರಬರಾಜನ್ನು ಹಗಲಿಗೆ ತಂದಷ್ಟೂ ಸಂಜೆಯ ದುಬಾರಿ ಖಂಡಗಳಲ್ಲಿ ನಾವು ಕೊಳ್ಳಬೇಕಾದದ್ದು ಕಡಿಮೆಯಾಗುತ್ತದೆ. ರೈತನಿಗೆ ಹಾವುಚೇಳಿನ ಭಯದ ರಾತ್ರಿಯೂ ತಪ್ಪುತ್ತದೆ. ಶರಾವತಿಯ ನೀರನ್ನು ಮಳೆಗಾಲದಲ್ಲಿ ಮಿತವಾಗಿ ಬಳಸಿ ಮಾರ್ಚಿಗೆ ಉಳಿಸುವ ಶಿಸ್ತೂ ಇದರೊಡನೆ ಸೇರಬೇಕು. ಆ ನದಿಯ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದ ಊರುಗಳ ಜನರು ಆ ನೀರಿಗಾಗಿ ತೆತ್ತ ಬೆಲೆಯನ್ನು ನೆನೆದರೆ, ಅದನ್ನು ಅಗ್ಗದ ದಿನಗಳಲ್ಲಿ ಖರ್ಚುಮಾಡಿಬಿಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಬೆಲೆಯ ಹೊರೆಯ ಮಾತೊಂದು ಉಳಿದಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ರೈತನು ಹಣ ಕೊಡುವುದಿಲ್ಲವಾದ್ದರಿಂದ ಪೇಟೆಯ ದರ ತನ್ನನ್ನು ಮುಟ್ಟುವುದಿಲ್ಲವೆಂದು ಆತನು ತಿಳಿಯಬಹುದು. ಆ ಹಣವನ್ನು ಸರ್ಕಾರವು ಸಹಾಯಧನವಾಗಿ ಬೆಸ್ಕಾಮಿಗೆ ಕಟ್ಟಬೇಕು. ಕೊಂಡ ವಿದ್ಯುತ್ತು ದುಬಾರಿಯಾದಷ್ಟೂ ಆ ಮೊತ್ತ ಬೆಳೆಯುತ್ತದೆ, ತಡವಾದಷ್ಟೂ ಕಂಪನಿಯ ಸಾಲ ಬೆಳೆಯುತ್ತದೆ, ಆಗ ಮೊದಲು ಕಡಿಮೆಯಾಗುವುದು ಹಳ್ಳಿಯ ಫೀಡರಿನ ಗಂಟೆಗಳೇ. ಮಗ್ಗದವನ ಮತ್ತು ಅಂಗಡಿಯವನ ಬಿಲ್ಲಿನಲ್ಲಿಯಾದರೋ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆಯೆಂಬ ಸಾಲಿನಲ್ಲಿ ಅದು ನೇರವಾಗಿಯೇ ಕಾಣಿಸಿಕೊಳ್ಳುತ್ತದೆ.

ದರ ಪರಿಷ್ಕರಣೆಗೆ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ವಿಚಾರಣೆಯನ್ನು ನಡೆಸುತ್ತದೆ. ಆಕ್ಷೇಪಣೆ ಸಲ್ಲಿಸಲು ವಕೀಲರೇ ಆಗಬೇಕೆಂದಿಲ್ಲ, ಬಳಕೆದಾರನಾದರೆ ಸಾಕು, ಕನ್ನಡದಲ್ಲಿಯೇ ಬರೆದುಕೊಡಬಹುದು. ಅಲ್ಲಿಗೆ ಕೈಗಾರಿಕೆಗಳ ಸಂಘಗಳು ಅಂಕಿ ಅಂಶಗಳೊಡನೆ ಬರುತ್ತವೆ. ಸಾಸಲು, ತೂಬಗೆರೆ, ದೊಡ್ಡಬೆಳವಂಗಲದ ರೈತರೂ ದೊಡ್ಡಬಳ್ಳಾಪುರದ ನೇಕಾರರೂ ಮುಂದಿನ ವಿಚಾರಣೆಗೆ ಕೂಡಿ ಹೋಗಿ, ಕಳೆದ ಫೆಬ್ರವರಿಯಿಂದ ಏಪ್ರಿಲಿನವರೆಗೆ ಸಂಜೆಯ ಹೊತ್ತಿನಲ್ಲಿ ಹರಾಜಿನಿಂದ ಕೊಂಡದ್ದೆಷ್ಟು, ಯಾವ ದರಕ್ಕೆ ಕೊಂಡದ್ದು, ಪಂಜಾಬಿನಂಥ ರಾಜ್ಯದಿಂದ ಮುಯ್ಯಿಯ ಮೇಲೆ ಪಡೆದದ್ದೆಷ್ಟು, ಹಿಂದಿರುಗಿಸಿದ್ದೆಷ್ಟು ಎಂಬ ಲೆಕ್ಕವನ್ನು ತಿಂಗಳುವಾರು ಕೇಳಬೇಕೆಂದು ನನ್ನ ಪ್ರಾರ್ಥನೆ. ಅರ್ಜಿಯನ್ನು ಸಿದ್ಧಪಡಿಸುವುದರಲ್ಲಿ ನನ್ನಿಂದಾಗುವ ಸಹಾಯವೇನಿದ್ದರೂ ಅದನ್ನು ಸಂತೋಷದಿಂದ ಮಾಡಿಕೊಡುತ್ತೇನೆ.